ನೂರು ಕಾಳು

ಬೆಳಿಗ್ಗೆ ಹಾಸನದ ನಮ್ಮ ಬೀಜದ ಅಂಗಡಿ ಬಾಗಿಲು ತೆಗೆದರೆ ಗಲ್ಲಾ ಪಕ್ಕ ಒದ್ದೆ ಬಟ್ಟೆಯ ಸುರುಳಿ. ಮೆಲ್ಲಗೆ ಬಿಚ್ಚಿದೆ. ಜಿಪಿಯು-28 ತಳಿಯ ರಾಗಿ. ಬೆಳ್ಳಗೆ ಮೊಳಕೆ ಒಡೆದಿದೆ.

ಅಪ್ಪನ ಕೆಲಸ.

ಅಂಗಡಿ ನನ್ನ ಕೈಗೆ ಕೊಟ್ಟು ಮೂರು ವರ್ಷವಾಯಿತು. ಆದರೂ ಹೊಸ ಲಾಟ್ ಬಂದರೆ ನೂರು ಕಾಳು ಎಣಿಸಿ ಸುತ್ತಿಡುತ್ತಾರೆ. ಬಟ್ಟೆ ಅಮ್ಮನ ಹಳೇ ಕಾಟನ್ ಸೀರೆಯದೇ ಆಗಬೇಕು. ನೀರು ಹದವಾಗಿ ಹಿಡಿಯುತ್ತದಂತೆ.

ಪ್ರಮಾಣಿತ ರಾಗಿ ಬೀಜ ನೂರಕ್ಕೆ 75 ಮೊಳೆತರೆ ಸಾಕು ಅನ್ನುತ್ತದೆ ನಿಯಮ. ಅಪ್ಪನಿಗೆ 90 ದಾಟಬೇಕು. ಇಲ್ಲವಾದರೆ ವಾಪಸ್. ನನ್ನ ಕಾಲೇಜು ಫೀಸ್ ಕಟ್ಟುವ ಹೊತ್ತಿಗೇ ಒಮ್ಮೆ ಇಡೀ ಲೋಡು ವಾಪಸ್ ಕಳಿಸಿದ್ದರು. ಆಗ ತುಂಬಾ ಸಿಟ್ಟು ಬಂದಿತ್ತು ನನಗೆ. ಫೀಸ್ ಕಟ್ಟಿದ್ದು ಅಮ್ಮನ ಬಳೆ ಅಡವಿಟ್ಟು.

ಈಗ ಗಲ್ಲಾದಲ್ಲಿ ಕೂತ ಮೇಲೆ ಅರ್ಥವಾಗುತ್ತಿದೆ. ಬೀಜ ಹುಟ್ಟದಿದ್ದರೆ ರೈತನಿಗೆ ದುಡ್ಡು ಮಾತ್ರ ಹೋಗುವುದಲ್ಲ, ಹದವಾದ ಮಳೆಯೂ ಹೋಯಿತು ಅಲ್ವಾ? ದುಡ್ಡು ವಾಪಸ್ ಕೊಡಬಹುದು. ಮಳೆ ಎಲ್ಲಿಂದ ತರುವುದು?

ಸುರುಳಿ ಕೆಳಗೆ ಒಂದು ಚೀಟಿ. ನನ್ನ ಮಗಳ ಅಕ್ಷರ: ‘94. ತಾತ ಎರಡು ಸಲ ಎಣಿಸಿದ್ರು.’

ಗಿರಾಕಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಸುಮ್ನೆ ಕೂತು ನಾನೂ ಒಂದು ಸಲ ಎಣಿಸಿದೆ.