ಕಲ್ಲಲ್ಲಿ ಕೆತ್ತಿದ ಹಗ್ಗ ನೋಡಲು ಪೋರ್ಚುಗಲ್‌ಗೆ

ಲಿಸ್ಬನ್‌ಗೆ ಹೋದವರು ಅಲ್ಲಿನ ಬೆಲೆಂ ಬಡಾವಣೆ ನೋಡದೆ ಬರುವುದಿಲ್ಲ. ನೀವೂ ನೋಡಿ. ಆದರೆ ತೊಮಾರ್ ಊರಿಗೂ ಒಂದು ಇಡೀ ದಿನ ಇಟ್ಟುಕೊಳ್ಳಿ.

ಬೆಲೆಂನ ಜೆರೋನಿಮೋಸ್ ಮಠಕ್ಕೆ 15ನೇ ನಂಬರ್ ಟ್ರಾಮ್ ಹೋಗುತ್ತದೆ. ಸೋಮವಾರ ರಜೆ. ಇದು ಗೊತ್ತಿಲ್ಲದೆ ನಾವು ಒಂದು ಬೆಳಿಗ್ಗೆ ಕಳೆದುಕೊಂಡೆವು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ಕ್ಯೂ ತುಂಬಾ ಉದ್ದ ಇರುತ್ತದೆ. ಒಳಗಿನ ಅಂಗಳದ ಕಂಬಗಳನ್ನು ನಿಧಾನವಾಗಿ ನೋಡಿ. ಹಡಗಿನ ಹಗ್ಗ, ಎಲೆ, ಬಳ್ಳಿ, ಪ್ರಾಣಿ ಎಲ್ಲ ಕಲ್ಲಲ್ಲೇ ಇವೆ. ಪೋರ್ಚುಗಲ್ ದೊರೆ ಮೊದಲನೇ ಮಾನುವೆಲ್ ಕಾಲದಲ್ಲಿ ಬೆಳೆದದ್ದಕ್ಕೆ ಈ ಶೈಲಿಗೆ ಮಾನುವೆಲೀನ್ ಅಂತ ಹೆಸರು. ಕಟ್ಟಲು ಬಂದ ಹಣದಲ್ಲಿ ದೊಡ್ಡ ಪಾಲು ಆಫ್ರಿಕಾ ಮತ್ತು ಪೂರ್ವ ದೇಶಗಳ ಜೊತೆಗಿನ ವ್ಯಾಪಾರದ ಮೇಲಿನ ಶೇ 5ರ ತೆರಿಗೆಯದು. ಚರ್ಚಿನೊಳಗೆ ವಾಸ್ಕೋ ಡ ಗಾಮನ ಸಮಾಧಿ ಇದೆ. 1498ರಲ್ಲಿ ಅವನು ನಮ್ಮ ಕಾರವಾರದ ಹತ್ತಿರದ ಅಂಜುದೀವಿ ದ್ವೀಪಕ್ಕೂ ಬಂದಿದ್ದ. ಆ ಸಮಾಧಿಯ ಮುಂದೆ ನಿಂತಾಗ ಮನಸ್ಸು ಭಾರವಾಯಿತು. ಅವನ ಹಡಗುಗಳಿಂದ ಕ್ಯಾಲಿಕಟ್ ಕಡೆಯ ಜನ ಪಟ್ಟ ಪಾಡೂ ಈ ಕತೆಯದ್ದೇ ಅಲ್ವಾ?

ನದಿ ದಂಡೆಯ ಬೆಲೆಂ ಗೋಪುರ ಅಲ್ಲಿಂದ ನಡೆಯುವಷ್ಟು ದೂರ. ಒಂದು ಮೂಲೆಯ ಪುಟ್ಟ ಬುರುಜಿನ ಬುಡದಲ್ಲಿ ಘೇಂಡಾಮೃಗದ ಕೆತ್ತನೆ ಇದೆ, ಈಗ ಸವೆದುಹೋಗಿದೆ. 1515ರಲ್ಲಿ ಗುಜರಾತಿನಿಂದ ಹಡಗಿನಲ್ಲಿ ಬಂದ ಘೇಂಡಾಮೃಗದ ನೆನಪು ಅದು. ಗೋಪುರದಲ್ಲಿ ರಿಪೇರಿ ಕೆಲಸ ನಡೆಯುತ್ತಿರಬಹುದು, ಒಳಗೆ ಬಿಡುತ್ತಾರಾ ಅಂತ ವಿಚಾರಿಸಿಯೇ ಹೊರಡಿ.

ತೊಮಾರ್‌ಗೆ ಲಿಸ್ಬನ್‌ನಿಂದ ರೈಲಿನಲ್ಲಿ ಸುಮಾರು 2 ಗಂಟೆ. ಸ್ಟೇಷನ್‌ನಿಂದ ಕ್ರಿಸ್ತ ಮಠಕ್ಕೆ ನಡೆದೇ ಹೋಗಬಹುದು, ಕೊನೆಗೆ ಗುಡ್ಡ ಹತ್ತಬೇಕು. ಒಳ್ಳೆ ಶೂ ಇರಲಿ. ವಾಸ್ತುಶಿಲ್ಪಿ ಡಿಯೋಗೊ ದೆ ಅರ್ರುದಾ ಮಾಡಿದ, ಇದೇ ಮಾನುವೆಲೀನ್ ಶೈಲಿಯ ಹೆಸರಾದ ಕಲ್ಲಿನ ಕಿಟಕಿ ಇರುವುದು ಇಲ್ಲೇ. ಹುರಿ ಹೊಸೆದ ಹಗ್ಗ, ಗಂಟು, ಸರಪಳಿ, ಹವಳ, ಕಡಲ ಪಾಚಿ ಒಂದರ ಮೇಲೊಂದು ಹತ್ತಿಕೊಂಡಿವೆ. ಕೆಳಗೆ ಗಡ್ಡದ ಮುದುಕನೊಬ್ಬ ಅಷ್ಟೂ ಭಾರ ಹೊತ್ತಿದ್ದಾನೆ. ಬೆಲೆಂನಲ್ಲಿ ಅಂದ ಇದೆ. ಇಲ್ಲಿ ಮಾತ್ರ ಕಡಲೇ ಗೋಡೆಗೆ ಬಂದು ಅಪ್ಪಳಿಸಿದ ಹಾಗಿದೆ.

ಕಿಟಕಿಯ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ನೆರಳು ಜಾಸ್ತಿ, ಗಂಟುಗಳು ಸರಿಯಾಗಿ ಕಾಣುವುದಿಲ್ಲ. ಮಠದ ಉಳಿದ ಭಾಗ ಮೊದಲು ಸುತ್ತಿ, ಮಧ್ಯಾಹ್ನದ ಮೇಲೆ ಸಾಂತಾ ಬಾರ್ಬರಾ ಅಂಗಳಕ್ಕೆ ಬನ್ನಿ. ವಾಪಸ್ ರೈಲಿನ ಟೈಮ್ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.