ಎಲ್‌ಎಫ್‌ಪಿ ಪ್ಯಾಕ್: ಸೆಲ್‌ಗಳ ಸಮತೋಲನ ಮತ್ತು ಮೊದಲ ಸಾಮರ್ಥ್ಯ ಪರೀಕ್ಷೆ

ಹಳೆಯ ಸೀಸ-ಆಮ್ಲ ಬ್ಯಾಟರಿಯ ಜಾಗಕ್ಕೆಂದು ಕಟ್ಟುತ್ತಿರುವ ಪ್ಯಾಕ್ ಈಗ ಪರೀಕ್ಷೆಯ ಹಂತಕ್ಕೆ ಬಂದಿದೆ. 100 ಆಂಪಿಯರ್-ಅವರ್‌ನ ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ (ಎಲ್‌ಎಫ್‌ಪಿ) ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಟ್ಟು ವೋಲ್ಟೇಜ್ 12.8. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಈ ವಸ್ತುವಿನಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಲವಾಗಿ ಬೆಸೆದುಕೊಂಡಿರುತ್ತದೆ. ಬೇರೆ ಲಿಥಿಯಂ ಬ್ಯಾಟರಿಗಳಲ್ಲಿರುವ ಕೋಬಾಲ್ಟ್ ಆಕ್ಸೈಡ್‌ನಂತೆ ಬಿಸಿಯಾದಾಗ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಹೀಗಾಗಿ ಬೆಂಕಿಯ ಅಪಾಯ ಕಡಿಮೆ. ಒಂದು ಕಿಲೋ ತೂಕಕ್ಕೆ ಸಿಗುವ ಶಕ್ತಿ ಕಡಿಮೆ ಎಂಬುದು ನಿಜವಾದರೂ, ಒಂದೆಡೆ ಕೂರುವ ಪ್ಯಾಕ್‌ಗೆ ಅದೊಂದು ಕೊರತೆಯೇ ಅಲ್ಲ.

ಇದರ ತೊಡಕು ಬೇರೆಯದು. ಚಾರ್ಜ್ ಶೇ 30 ಇರಲಿ, ಶೇ 70 ಇರಲಿ, ಸೆಲ್ ಹೆಚ್ಚುಕಡಿಮೆ 3.3 ವೋಲ್ಟ್ ಆಸುಪಾಸಿನಲ್ಲೇ ನಿಂತಿರುತ್ತದೆ. ಹೀಗಾಗಿ ನಡುವಿನ ಹಂತದಲ್ಲಿ ನಾಲ್ಕೂ ಸೆಲ್‌ಗಳು ಒಂದೇ ವೋಲ್ಟೇಜ್ ತೋರಿಸಿದರೂ ಅವು ಸಮವಾಗಿ ತುಂಬಿವೆ ಎನ್ನುವಂತಿಲ್ಲ. ಸೆಲ್‌ಗಳನ್ನು ಮೊದಲು ಸರಣಿಯಲ್ಲೇ ಬಹುಪಾಲು ತುಂಬಿಸಿ, ಆಮೇಲೆ ಬಿಚ್ಚಿ ಸಮಾಂತರವಾಗಿ ಜೋಡಿಸಿ, 3.65 ವೋಲ್ಟ್‌ಗೆ ಕಟ್ಟಿಟ್ಟ ವಿದ್ಯುತ್ ಪೂರೈಕೆಗೆ ಕೊಟ್ಟೆ. ಗಂಟೆಗಟ್ಟಲೆ ಕದಲದಿದ್ದ ಮೀಟರ್ 3.4 ದಾಟಿದ ಮೇಲೆ ಸರಸರನೆ ಏರಿತು; ಕರೆಂಟ್ ಬಹುತೇಕ ಸೊನ್ನೆಗೆ ಇಳಿಯುವವರೆಗೂ ಹಾಗೇ ಬಿಟ್ಟೆ.

ಮತ್ತೆ ಸರಣಿಗೆ ತಂದು 20 ಆಂಪಿಯರ್ ಲೋಡ್ ಹಾಕಿದಾಗ ಪ್ರತಿ ಜೋಡಣೆಯ ಎರಡೂ ಬದಿಗೆ ಮಿಲಿವೋಲ್ಟ್ ಅಳೆದು ನೋಡಿದೆ. ಉಳಿದೆಡೆ 3 ಮಿಲಿವೋಲ್ಟ್ ಇದ್ದದ್ದು ಒಂದು ಕಡೆ 12 ಇತ್ತು, ಅಂದರೆ 0.6 ಮಿಲಿಓಮ್. ಕೇಳಲು ಇದು ತೀರಾ ಚಿಕ್ಕದು, ಆದರೆ 100 ಆಂಪಿಯರ್ ಹರಿದರೆ ಅದೊಂದೇ ಬಿಂದುವಿನಲ್ಲಿ 6 ವ್ಯಾಟ್ ಶಾಖ ಹುಟ್ಟುತ್ತದೆ. ಸಾಲದ್ದಕ್ಕೆ ಬಿಎಂಎಸ್‌ನ (ಪ್ರತಿ ಸೆಲ್‌ನ ಮೇಲೆ ಕಣ್ಣಿಟ್ಟು ಕಾಪಾಡುವ ಸರ್ಕ್ಯೂಟ್) ತಂತಿ ಆ ಜೋಡಣೆಯ ಆಚೆ ಬದಿಗಿದ್ದರೆ ಪಕ್ಕದ ಸೆಲ್‌ನ ವೋಲ್ಟೇಜನ್ನೂ ಅದು ತಪ್ಪಾಗಿ ಓದುತ್ತದೆ. ಅಲ್ಯೂಮಿನಿಯಂ ಟರ್ಮಿನಲ್ ಮೇಲಿನ ಆಕ್ಸೈಡ್ ಪದರವನ್ನು ನಯವಾದ ಮರಳುಕಾಗದದಿಂದ ಉಜ್ಜಿ ತೆಗೆದು, ಬೋಲ್ಟನ್ನು ಮತ್ತೆ ಬಿಗಿದ ಮೇಲೆ ಅಲ್ಲೂ 3 ಮಿಲಿವೋಲ್ಟ್‌ಗೆ ಬಂತು. ಬೆಂಕಿಯ ಭಯವನ್ನೆಲ್ಲ ಸೆಲ್‌ನ ರಸಾಯನದ ಮೇಲೆ ಹೊರಿಸುವವರು ಇಂಥ ಬೋಲ್ಟ್‌ಗಳನ್ನೂ ಒಮ್ಮೆ ನೋಡಬೇಕು.

ಸಾಮರ್ಥ್ಯ ಪರೀಕ್ಷೆಯಲ್ಲಿ ಪ್ಯಾಕ್ 101 ಆಂಪಿಯರ್-ಅವರ್ ಕೊಟ್ಟಿತು. ಮೂರನೆಯ ಸೆಲ್ ಎಲ್ಲಕ್ಕಿಂತ ಮೊದಲು 2.5 ವೋಲ್ಟ್‌ಗೆ ಕುಸಿದು ಬಿಎಂಎಸ್ ಸಂಪರ್ಕ ಕಡಿದಾಗ ಉಳಿದವು ಇನ್ನೂ 2.9ರ ಹತ್ತಿರ ಇದ್ದವು. ಪ್ಯಾಕ್‌ನ ಅಳತೆ ಎಂದರೆ ಆ ಒಂದು ಸೆಲ್‌ನ ಅಳತೆಯೇ.

ನಿತ್ಯ ಬಳಕೆಗೆ ಚಾರ್ಜರ್‌ನ ಮಿತಿಯನ್ನು 14.6ರ ಬದಲು 13.8 ವೋಲ್ಟ್‌ಗೆ ಇಟ್ಟಿದ್ದೇನೆ. ಇದರಿಂದ ಕಳೆದುಕೊಳ್ಳುವ ಸಾಮರ್ಥ್ಯ ಅಲ್ಪ, ಆದರೆ ಎಲೆಕ್ಟ್ರೋಲೈಟ್ ಮೇಲಿನ ಒತ್ತಡ ತಗ್ಗುತ್ತದೆ. ಬಿಎಂಎಸ್‌ನ ಸಮತೋಲನ ಸೆಲ್ 3.4 ವೋಲ್ಟ್ ದಾಟಿದ ಮೇಲಷ್ಟೇ ಆರಂಭವಾಗುತ್ತದೆ; 13.8 ಎಂದರೆ ಪ್ರತಿ ಸೆಲ್‌ಗೆ 3.45, ಹಾಗಾಗಿ ಅದಕ್ಕೂ ಅವಕಾಶವಿದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಆನೋಡ್ (ಋಣ ವಿದ್ಯುದ್ವಾರ) ಮೇಲೆ ಲೋಹದ ಲಿಥಿಯಂ ಕೂರುವ ಅಪಾಯವಿರುವುದರಿಂದ ಆ ತಡೆಯನ್ನೂ ಹಾಕಿದ್ದೇನೆ. ಚಾರ್ಜ್ ಎಷ್ಟು ಉಳಿದಿದೆ ಎಂದು ತಿಳಿಯಲು ವೋಲ್ಟೇಜ್ ನಂಬುವಂತಿಲ್ಲವಾದ್ದರಿಂದ, ಒಳಹೋದ ಮತ್ತು ಹೊರಬಂದ ಕರೆಂಟನ್ನು ಎಣಿಸುವ ಶಂಟ್ ಅಳವಡಿಸುವುದೇ ಮುಂದಿನ ಕೆಲಸ.