ಬರೆದವರು ಯಾವ ವರ್ಷ ತೀರಿಕೊಂಡರು?

ವಿರಾಜಪೇಟೆ ಕಡೆಯ ಒಂದು ಸಣ್ಣ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಓದುವಂತೆ ಇಂಟರ್ನೆಟ್‌ಗೆ ಹಾಕುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರು ಮೊದಲು ಕೇಳುವುದು ಎಷ್ಟು ಡಿಪಿಐ ಅಂತ, ಅಂದರೆ ಸ್ಕ್ಯಾನ್ ಎಷ್ಟು ಸೂಕ್ಷ್ಮವಾಗಿರಬೇಕು ಅಂತ. 300 ಸಾಕು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಾಳೆ ಬಿಡಿಸಬೇಡಿ, ಹರಿಯುತ್ತದೆ, ಬಿಸಿಲು ಬರಲಿ. ಆ ಪಾಠ ಅಷ್ಟೇ. ಆಮೇಲೆ ನಾನು ಕೇಳುವುದು: ಬರೆದವರು ಯಾವ ವರ್ಷ ತೀರಿಕೊಂಡರು?

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. 1965ರ ಯಾವ ತಿಂಗಳಲ್ಲಿ ಹೋಗಿದ್ದರೂ ಸರಿ, ಅವರು ಅಚ್ಚು ಹಾಕಿಸಿದ ಪುಸ್ತಕ 2026ರ ಜನವರಿ 1ಕ್ಕೆ ಎಲ್ಲರದ್ದು. ಆದರೆ ಅಚ್ಚಾದ ವರ್ಷ ನೋಡಿಯೇ ತೀರ್ಮಾನ ಮಾಡುವವರು ಜಾಸ್ತಿ. ‘1930ರದ್ದು ಅಲ್ವಾ, ಸುಮ್ನೆ ಹಾಕಿಬಿಡಿ’ ಅನ್ನುತ್ತಾರೆ. ಬರೆದವರು 1995ರವರೆಗೆ ಬಾಳಿದ್ದರೆ? 2055 ಮುಗಿಯುವ ತನಕ ಕಾಯಬೇಕು.

ಹೆಸರಾದವರದ್ದು ಸುಲಭ. ಕೊಡವ ಜಾನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಬಂದದ್ದು 1924ರಲ್ಲಿ. ಅದನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ. ಮೂಲಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ 2003ರ ಇಂಗ್ಲಿಷ್ ಅನುವಾದಕ್ಕೆ ಹಕ್ಕು ಬೇರೆ. ಯಾವುದೇ ಹಳೆಯ ಪುಸ್ತಕದ ಈಚಿನ ಮುದ್ರಣಕ್ಕೆ ಸೇರಿಸಿದ ಮುನ್ನುಡಿ, ಟಿಪ್ಪಣಿಗಳಿಗೂ ಹಾಗೆಯೇ. ಅದಕ್ಕೇ ಹಳೆಯ ಪ್ರತಿ ಹುಡುಕುತ್ತೇವೆ.

ಕಷ್ಟ ಕೊಡುವುದು ಯಾರೂ ನೆನಪಿಟ್ಟುಕೊಳ್ಳದ ಲೇಖಕರು. ಪುಸ್ತಕದ ಮೇಲೆ ಬರೀ ‘ಪೂವಯ್ಯ’ ಅಂತ ಇರುತ್ತದೆ. ಕೊಡಗಿನ ಮದುವೆ ಮನೆಯಲ್ಲಿ ಪೂವಯ್ಯ ಅಂತ ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ಮನೆಹೆಸರು ಸಿಗದೆ ಆಳು ಸಿಗುವುದಿಲ್ಲ, ಆಳು ಸಿಗದೆ ವರ್ಷ ಸಿಗುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಾವಿರಾರು ಕನ್ನಡ ಪುಸ್ತಕ ಸ್ಕ್ಯಾನ್ ಮಾಡಿತು, ದೊಡ್ಡ ಉಪಕಾರ. ಆದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತೋಚಿದ ಹಾಗೆ ಬರೆದದ್ದೇ ಬಹಳ. ಅಷ್ಟು ದೊಡ್ಡ ಯೋಜನೆಯವರು ಒಂದೊಂದು ಒಕ್ಕವನ್ನೂ (ಒಂದೇ ಮನೆಹೆಸರಿನ ಕೊಡವ ಕುಟುಂಬ) ಹುಡುಕಿಕೊಂಡು ಬರಲಾರರು. ನಮಗೆ ಅದು ಬಸ್ಸಿನ ದೂರ.

ಸುಗ್ಗಿ ಹಬ್ಬ ಪುತ್ತರಿಗೆ ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬಂದಿರುತ್ತಾರೆ, ಆಗ ವಿಚಾರಿಸುತ್ತೇವೆ. ‘ಮಾವ ಹೋದದ್ದು ಚೀನಾ ಯುದ್ಧದ ವರ್ಷ ಅಲ್ವಾ ಮಗಾ’ ಅಂದರು ಒಬ್ಬರು ಅಜ್ಜಿ. ಅಂದರೆ 1962. ಒಕ್ಕದವರು ಅಚ್ಚು ಹಾಕಿಸಿದ ವಂಶಾವಳಿಯಲ್ಲೂ ಅದೇ ಇತ್ತು. ಆ ಮಾವ ಬರೆದ ಪುಸ್ತಕ 2023ರಿಂದಲೇ ಮುಕ್ತ, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

ಇಷ್ಟು ಬಿಗಿ ಯಾಕೆ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಪುಸ್ತಕ ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಎರವಲು ಕೊಡುವ ಇಂಟರ್ನೆಟ್ ಆರ್ಕೈವ್ ಮೇಲೆ ಪ್ರಕಾಶಕರು 2020ರಲ್ಲಿ ಕೇಸು ಹಾಕಿ, 2024ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಲಕ್ಷಗಟ್ಟಲೆ ಪುಸ್ತಕಗಳು ಎರವಲು ಪಟ್ಟಿಯಿಂದ ಹೋದವು. ಅಂಥ ಸಂಸ್ಥೆಗೇ ಹೀಗಾದರೆ, ನಮ್ಮ ಮೇಲೆ ಒಂದು ನೋಟಿಸು ಬಂದರೂ ಸಾಕು, ಬಾಗಿಲು ಹಾಕಬೇಕಾಗುತ್ತದೆ.

ಹಕ್ಕು ಇನ್ನೂ ಉಳಿದಿದ್ದರೆ ವಾರಸುದಾರರ ಒಪ್ಪಿಗೆ ಬರಹದಲ್ಲಿ ಬೇಕು, ಬಾಯಿಮಾತು ಸಾಲದು. ಅಣ್ಣತಮ್ಮಂದಿರಲ್ಲಿ ಒಬ್ಬರು ಮಡಿಕೇರಿಯಲ್ಲಿ, ಇನ್ನೊಬ್ಬರು ದುಬೈಯಲ್ಲಿ ಇದ್ದರೆ ಇಬ್ಬರ ಸಹಿಯೂ ಬೇಕು. ಕೆಲವರು ಖುಷಿಯಿಂದ ಕೊಡುತ್ತಾರೆ. ಬೇಡ ಅಂದವರ ಪುಸ್ತಕವನ್ನೂ ಸ್ಕ್ಯಾನಿಗೆ ಇಡದೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ. ಬೇಕಾದವರು ಬಂದು ಕೂತು ಓದಬಹುದು, ಅದಕ್ಕೆ ಯಾರ ಸಹಿಯೂ ಬೇಡ.